ಜಾಲತಾಣದ ಅಂಗಡಿಗೊಂದು ಪರೀಕ್ಷೆ

ನಮಗೆ ಬಹುಕಾಲದಿಂದ ಪರಿಚಿತರಾದ ವಸ್ತ್ರವ್ಯಾಪಾರಿಯೊಬ್ಬರು ಕಳೆದ ಶ್ರಾವಣದಲ್ಲಿ ತಮ್ಮ ಅಂಗಡಿಗೊಂದು ಜಾಲತಾಣವನ್ನು ಮಾಡಿಸಿದರು. ನೋಟಕ್ಕೆ ಬಲು ಸುಂದರ. ನೆಂಟರಿಷ್ಟರೆಲ್ಲ ಹೊಗಳಿದರು, ನಾವೂ ಹೊಗಳಿದೆವು. ಆದರೆ ತಿಂಗಳುಗಳು ಉರುಳಿದರೂ ಸೀರೆಗಳನ್ನು ನೋಡಿ ಹೋದವರೇ ಬಹಳ, ಕೊಂಡವರು ವಿರಳ. ಬೆಲೆಯನ್ನಿಳಿಸಲು ಅವರು ಹೊರಟಾಗ, ಗಣಕಶಾಸ್ತ್ರವನ್ನು ಓದಿದ ಅವರ ತಮ್ಮನ ಮಗಳು ತಡೆದಳು: "ದೊಡ್ಡಪ್ಪ, ಹೇಗಿದೆಯೆಂದು ಯಾರನ್ನೂ ಕೇಳಬೇಡಿ. ಕೊಳ್ಳಲು ಹೇಳಿ, ಸುಮ್ಮನೆ ಕುಳಿತು ನೋಡಿ."

ಹಾಗೆ ನಡೆದ ಪರೀಕ್ಷೆಗೆ ನಾವೂ ಸಾಕ್ಷಿಯಾದೆವು. ನೆರೆಮನೆಯ ಹಿರಿಯ ತಾಯಿಯೊಬ್ಬರನ್ನು ಕೂರಿಸಿ, ಮೊಮ್ಮಗಳಿಗಾಗಿ ಎರಡು ಸಾವಿರ ರೂಪಾಯಿಯೊಳಗಿನ ಹಸಿರು ಇಳಕಲ್ ಸೀರೆಯನ್ನು ಕೊಳ್ಳುವ ಕೆಲಸವನ್ನು ಕೊಡಲಾಯಿತು. ಮನಸ್ಸಿಗೆ ಬಂದುದನ್ನೆಲ್ಲ ಅವರು ಬಾಯಿಬಿಟ್ಟು ಹೇಳುತ್ತಿರಬೇಕು. ಉಳಿದವರು ತುಟಿ ಬಿಚ್ಚಕೂಡದು. ಸೀರೆಯೇನೋ ಬೇಗನೆ ಸಿಕ್ಕಿತು. ಅನಂತರ ಖಾತೆ ತೆರೆಯಿರೆಂಬ ಅಪ್ಪಣೆ, ಗುಪ್ತಪದ, ದೂರವಾಣಿ ಸಂಖ್ಯೆ. ಆ ತಾಯಿ ತಮ್ಮ ಚೀಟಿಯಲ್ಲಿದ್ದಂತೆಯೇ ಐದಂಕೆಗಳಾದ ಮೇಲೆ ತೆರಪು ಬಿಟ್ಟು ಸಂಖ್ಯೆಯನ್ನು ಬರೆದರು. ತಾಣವು ಒಪ್ಪಲಿಲ್ಲ. ಇರುವೆಯಂತಹ ಕೆಂಪಕ್ಷರಗಳಲ್ಲಿ, ಅದೂ ಇಂಗ್ಲಿಷಿನಲ್ಲಿ, ತಪ್ಪೆಂದು ಸಾರಿತು. ಮೂರು ಸಲವೂ ಅದೇ ಗತಿ. "ಇವೆಲ್ಲ ನನ್ನಂಥವಳಿಗಲ್ಲ ಬಿಡಿ" ಎಂದು ಅವರು ಕೈಯನ್ನು ಮಡಿಲಿಗೆಳೆದುಕೊಂಡರು. ನಾಲ್ವತ್ತು ವರ್ಷ ಪಾಠ ಹೇಳಿದ ನಮಗೆ ಸುಮ್ಮನಿರಲಾಗದೆ, ತೆರಪಿನತ್ತ ಬೆರಳು ತೋರಿಸಿಬಿಟ್ಟೆವು. "ಕೊಳ್ಳುವವರ ಮನೆಮನೆಗೂ ತಾವು ಹೋಗಿ ತೋರಿಸುವಿರಾ?" ಎಂದಳು ಹುಡುಗಿ. ಉತ್ತರವಿರಲಿಲ್ಲ.

ಬಳಕೆಯ ಸೌಲಭ್ಯವನ್ನಳೆಯುವ ಈ ವಿದ್ಯೆಗೆ ಈಗ ದಶಕಗಳ ವಯಸ್ಸು. 1998ರ ಅಂತಾರಾಷ್ಟ್ರೀಯ ಮಾನಕವೊಂದು ಅದಕ್ಕೆ ಮೂರು ಅಳತೆಗಳನ್ನು ಹೇಳಿತು: ಹಿಡಿದ ಕೆಲಸ ಕೈಗೂಡಿತೇ, ಎಷ್ಟು ಶ್ರಮದಿಂದ, ಮಾಡಿದವರಿಗೆ ತೃಪ್ತಿಯಾಯಿತೇ. ಅದೂ ಯಾರೋ ಒಬ್ಬರಿಗಲ್ಲ, ಯಾರಿಗಾಗಿ ಮಾಡಿದ್ದೋ ಅವರಿಗೆ. ತಜ್ಞರೇ ಕುಳಿತು, ಗೊತ್ತಾದ ಸೂತ್ರಗಳಿಗೆ ಒರೆಹಚ್ಚಿ ದೋಷ ಹುಡುಕುವ ಕ್ರಮವೂ ಉಂಟು. ಯಾಕೋಬ್ ನೀಲ್ಸನ್ ಮತ್ತು ರಾಲ್ಫ್ ಮೋಲಿಕ್ 1990ರಲ್ಲಿ ಅದನ್ನು ಮುಂದಿಟ್ಟರು. ಅದು ಅಗ್ಗ, ಶೀಘ್ರ. ಆದರೆ ಚೀಟಿ ನೋಡಿ ಸಂಖ್ಯೆ ಬರೆಯುವ ತಾಯಿ ಪಂಡಿತರಿಗೆ ಹೊಳೆಯುವುದು ಕಷ್ಟವೆಂದೇ ನಮ್ಮ ಅಭಿಪ್ರಾಯ. (ಪಂಡಿತರ ವಿಷಯವನ್ನು ನಾವು ಸ್ವಾನುಭವದಿಂದಲೇ ಹೇಳಬಲ್ಲೆವು.)

ಎಷ್ಟು ಜನರನ್ನು ಕೂರಿಸಬೇಕು? ಐವರು ಸಾಕು, ನೂರಕ್ಕೆ 85ರಷ್ಟು ದೋಷಗಳು ಹೊರಬೀಳುವುವು ಎಂದು ನೀಲ್ಸನ್ 2000ದಲ್ಲಿ ಬರೆದರು. ಮರುವರ್ಷವೇ ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್, ಮಾರಾಟದ ತಾಣಗಳನ್ನು ಪರೀಕ್ಷಿಸಿದಾಗ ಮೊದಲ ಐವರಿಂದ ಸಿಕ್ಕಿದ್ದು 35ರಷ್ಟೇ ಎಂದರು. ಕೊಳ್ಳುವವರ ದಾರಿಗಳು ಹಲವು. ಆದ್ದರಿಂದ ಐವರನ್ನು ನೋಡಿ, ತಿದ್ದಿ, ಮತ್ತೆ ಬೇರೆ ಐವರನ್ನು ಕೂರಿಸುವುದೇ ಲೇಸೆಂದು ನಮಗೆ ತೋರುತ್ತದೆ.

ಖಾತೆಯ ಕಾಟ ಅಮೆರಿಕೆಯ ದೊಡ್ಡ ಅಂಗಡಿಯೊಂದನ್ನೂ ಬಿಟ್ಟಿರಲಿಲ್ಲ. ಸಾಮಾನು ಆರಿಸಿ ಹಣ ಕೊಡಲು ಹೊರಟವರನ್ನು ಅದು ಹೆಸರು ನೋಂದಾಯಿಸಲು ನಿಲ್ಲಿಸುತ್ತಿತ್ತು. ಆ ಗುಂಡಿಯನ್ನು ತೆಗೆದು, ಖಾತೆ ಬೇಕಿಲ್ಲ, ಮುಂದುವರಿಯಿರಿ ಎಂದು ಬರೆದದ್ದೇ ತಡ, ಕೊಳ್ಳುವವರು ನೂರಕ್ಕೆ 45ರಷ್ಟು ಹೆಚ್ಚಿದರೆಂದೂ, ಒಂದು ವರ್ಷದಲ್ಲಿ 30 ಕೋಟಿ ಡಾಲರ್ ಅಧಿಕ ಮಾರಾಟವಾಯಿತೆಂದೂ ಸ್ಪೂಲ್ 2009ರಲ್ಲಿ ಬರೆದಿದ್ದಾರೆ. ಅಂಗಡಿಯ ಹೆಸರನ್ನು ಅವರು ಹೇಳಲಿಲ್ಲ.

ನಮ್ಮ ವ್ಯಾಪಾರಿಗಳೂ ಖಾತೆಯನ್ನು ಕಿತ್ತುಹಾಕಿಸಿದರು. ಸಂಖ್ಯೆಯನ್ನು ಹೇಗೆ ಬರೆದರೂ ಒಪ್ಪುವಂತೆ ಮಾಡಿಸಿದರು. ಎಚ್ಚರಿಕೆಗಳನ್ನು ಕನ್ನಡದಲ್ಲಿ, ದಪ್ಪಕ್ಷರಗಳಲ್ಲಿ ಬರೆಸಿದರು. ತಪ್ಪು ಅಂಗಡಿಯದೆಂದು ಆ ತಾಯಿಗೆ ತಿಳಿಸಲು ನಾವೇ ಹೋಗಿದ್ದೆವು. "ನನ್ನದಲ್ಲವೇ?" ಎಂದು ಎರಡು ಸಲ ಕೇಳಿದರು. ಎರಡನೆಯ ಸರದಿಯಲ್ಲಿ ಕುಳಿತವರು ಸಾಗಾಣಿಕೆಯ ವೆಚ್ಚ ಕೊನೆಯ ಪುಟದಲ್ಲಿ ಕಾಣಿಸಿಕೊಂಡುದನ್ನು ಕಂಡು ಹಿಂದೆ ಸರಿದರು. ಅದನ್ನೀಗ ತಿದ್ದುತ್ತಿದ್ದಾರೆ. ಅಂದು ನಮಗೆ ಬೆರಳು ಎಟುಕದಷ್ಟು ದೂರದಲ್ಲಿ ಕುರ್ಚಿ ಹಾಕಲಾಗಿತ್ತು.