ಶಾಲು ಸಾಕು, ಕಡತ ಕೊಡಿ

ಇಸ್ರೊದಲ್ಲಿ ಅರವತ್ತಕ್ಕೆ ನಿವೃತ್ತಿ. ಮೂರು ದಶಕಕ್ಕೂ ಹೆಚ್ಚು ಕಾಲ ಉಪಗ್ರಹದ ಬ್ಯಾಟರಿಯನ್ನೋ ರಾಕೆಟ್ಟಿನ ವಾಲ್ವನ್ನೋ ನೋಡಿಕೊಂಡವರು ತಿಂಗಳ ಕೊನೆಯ ದಿನ ಗುರುತಿನ ಚೀಟಿ ಒಪ್ಪಿಸಿ ಮನೆಗೆ ಬರುತ್ತಾರೆ. ಬೆಂಗಳೂರಿನಲ್ಲಿ ಇಂಥವರಿಗೆ ಬರವಿಲ್ಲ. ಇಸ್ರೊ ಬಡಾವಣೆ ಎಂಬ ಬಡಾವಣೆಯೇ ಇದೆ. ಆಮೇಲೆ ಸಮಾಜ ಅವರಿಗೆ ಕೊಡುವ ಕೆಲಸ ಒಂದೇ, ಮುಖ್ಯ ಅತಿಥಿಯದು. ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವ, ಈಗ ಆಗಸ್ಟ್ 23ರ ಬಾಹ್ಯಾಕಾಶ ದಿನ. ಹಾರ, ಶಾಲು, ಮೈಸೂರು ಪೇಟ, ಫಲತಾಂಬೂಲ. ಭಾಷಣಕ್ಕೆ ಐದು ನಿಮಿಷ, ಅದೂ ಶಾಸಕರು ಬಂದರೆ ಎರಡು.

ಗೌರವ ಬೇಡವೆಂದಲ್ಲ. ಆದರೆ ಅವರಿಂದ ನಾವು ಕೇಳುವುದು ತಪ್ಪು ವಸ್ತುವನ್ನು. ರಾಕೆಟ್ ಕತೆ ಪುಸ್ತಕದಲ್ಲಿ ಸಿಗುತ್ತದೆ. ಕೆಲಸ ಕೆಟ್ಟಾಗ ಅದು ಎಲ್ಲಿ, ಯಾವ ಗಳಿಗೆಯಲ್ಲಿ, ಏಕೆ ಕೆಟ್ಟಿತು ಎಂದು ಮುಖ ನೋಡದೆ ಹುಡುಕುವ ರೂಢಿ ಮಾತ್ರ ಪುಸ್ತಕದಲ್ಲಿ ಸಿಗುವುದಿಲ್ಲ. ನಮ್ಮ ಊರು-ಕೇರಿಗಳ ಆಡಳಿತದಲ್ಲಿ ಇಲ್ಲದಿರುವುದೂ ಅದೇ.

ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಬದುಕನ್ನೇ ತೆಗೆದುಕೊಳ್ಳಿ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ‘ಆರ್ಯಭಟ’ ಉಪಗ್ರಹ ಕಟ್ಟಿದ ತಂಡದ ನಾಯಕ ಅವರು. ಜಾಗದ ಅಭಾವದಿಂದ ಅಲ್ಲಿನ ಶೌಚಾಲಯವೊಂದನ್ನೇ ಉಪಗ್ರಹದ ದತ್ತಾಂಶ ಪಡೆಯುವ ಕೋಣೆಯಾಗಿ ಮಾರ್ಪಡಿಸಿದ್ದರಂತೆ. 1975ರ ಏಪ್ರಿಲ್ 19ರಂದು ಉಡಾವಣೆ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ಅದರೊಳಗಿನ ವಿಜ್ಞಾನ ಪ್ರಯೋಗಗಳು ನಿಂತುಹೋದವು. ಮುಂದೆ 1984ರಿಂದ ಹತ್ತು ವರ್ಷ ಅವರು ಇಸ್ರೊ ಅಧ್ಯಕ್ಷರಾಗಿದ್ದಾಗ ಎಎಸ್‌ಎಲ್‌ವಿ ರಾಕೆಟ್ 1987ರ ಮಾರ್ಚ್‌ನಲ್ಲಿ ಒಮ್ಮೆ, 1988ರ ಜುಲೈನಲ್ಲಿ ಇನ್ನೊಮ್ಮೆ ವಿಫಲವಾಯಿತು. ‘ಕೋಟಿಗಟ್ಟಲೆ ನೀರಿಗೆ’ ಎಂಬ ಮೂದಲಿಕೆ ಕೇಳಬೇಕಾದ ಹೊತ್ತು ಅದು. ಆಗ ನಡೆದದ್ದು ಪರಿಶೀಲನೆ. ಕಾರಣ ಹುಡುಕಲು ಸಮಿತಿಗಳು ಕುಳಿತವು, ಹೊರಗಿನ ತಜ್ಞರೂ ಪ್ರಶ್ನೆ ಕೇಳಿದರು, ವಿನ್ಯಾಸ ಬದಲಾಯಿತು. 1992ರ ಮೇ 20ರಂದು ಅದೇ ರಾಕೆಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಇದನ್ನು ನಮ್ಮ ರಸ್ತೆಗೆ ಹೋಲಿಸಿ ನೋಡಿ. ಡಾಂಬರು ಮಳೆಗಾಲಕ್ಕೆ ಕಿತ್ತುಬರುತ್ತದೆ. ಗುತ್ತಿಗೆದಾರರನ್ನು ಬೈಯುತ್ತೇವೆ, ಎಂಜಿನಿಯರ್ ಅಮಾನತಾಗುತ್ತಾರೆ, ಮತ್ತೆ ಟೆಂಡರ್. ಯಾವ ಪದರ ಸೋತಿತು, ಚರಂಡಿಯ ಮಟ್ಟ ಎಷ್ಟಿತ್ತು, ಡಾಂಬರು ಹಾಕಿದ ಮೇಲೆ ಯಾರು ಅಗೆದರು ಎಂಬ ಒಂದು ಪುಟದ ವರದಿ ಎಲ್ಲೂ ಹುಟ್ಟುವುದಿಲ್ಲ. ಅಮಾನತಿನಿಂದ ಸಿಟ್ಟು ಇಳಿಯುತ್ತದೆ, ರಸ್ತೆ ಉಳಿಯುವುದಿಲ್ಲ.

ನಮ್ಮ ಬಡಾವಣೆಯಲ್ಲಿ ಇಂಥ ನಿವೃತ್ತರೊಬ್ಬರಿದ್ದಾರೆ. ಎಲ್ಲರಿಗೂ ‘ಮೇಷ್ಟ್ರೇ’; ಪಾಠ ಮಾಡಿದವರಲ್ಲ, ಹಾಗೆ ಕಾಣುತ್ತಾರೆ ಅಷ್ಟೆ. ಕಾವೇರಿ ನೀರು ಕೊನೆಯ ಅಡ್ಡರಸ್ತೆಗೆ ಏರುವುದಿಲ್ಲ ಎಂಬ ಜಗಳ ಹಳೆಯದು. ಅವರು ಜಗಳಕ್ಕೆ ಹೋಗಲಿಲ್ಲ. ಗೆರೆ ಹಾಕಿದ ಉದ್ದ ನೋಟ್‌ಬುಕ್ ತೆಗೆದು, ವಾಲ್ವ್‌ಮನ್ ಎಷ್ಟು ಗಂಟೆಗೆ ತಿರುಗಿಸಿದ, ಮೊದಲ ಮನೆಯ ಸಂಪ್‌ಗೆ ನೀರು ಎಷ್ಟು ಹೊತ್ತಿಗೆ ಬಂತು, ಕೊನೆಯ ಮನೆಗೆ ಯಾವಾಗ, ಅಂದು ಕರೆಂಟ್ ಇತ್ತೇ ಎಂದು ಬರೆಯತೊಡಗಿದರು. ವಾಲ್ವ್‌ಮನ್‌ಗೆ ಮೊದಲು ಅನುಮಾನ, ತನ್ನ ಮೇಲೆ ದೂರು ಹೋಗುತ್ತದೆಂದು. ‘ನಿನ್ನ ತಪ್ಪಲ್ಲಪ್ಪಾ, ನೀರಿನ ತಪ್ಪು ಹುಡುಕ್ತಿದೀನಿ’ ಅಂದರು. ಆಮೇಲೆ ಅವನೇ ಸಮಯ ಹೇಳತೊಡಗಿದ. ತಿಳಿದದ್ದಿಷ್ಟು: ಮೊದಲ ಸಾಲಿನ ಮನೆಗಳು ನೀರು ಬಂದ ಕೂಡಲೇ ನೇರವಾಗಿ ಪೈಪಿಗೇ ಮೋಟರ್ ಹಚ್ಚುತ್ತಿದ್ದವು. ಆ ಪುಸ್ತಕವನ್ನು ಸಂಬಂಧಪಟ್ಟ ಕಚೇರಿಗೆ ಒಯ್ದಾಗ ಅಧಿಕಾರಿ ಟೀ ತರಿಸಿದರು, ಇಸ್ರೊದ ಬಗ್ಗೆ ವಿಚಾರಿಸಿದರು, ಸೆಲ್ಫಿ ತೆಗೆಸಿಕೊಂಡರು. ಪುಸ್ತಕ ತೆರೆಯಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ನಿವೃತ್ತ ವಿಜ್ಞಾನಿಗಳೆಲ್ಲ ಒಳ್ಳೆಯ ಕಾರ್ಯಕರ್ತರಾಗುವುದಿಲ್ಲ. ಕೆಲವರಿಗೆ ಆಜ್ಞೆ ಕೊಟ್ಟು ರೂಢಿ. ಕಸ ಆಯ್ದುಕೊಳ್ಳುವ ಹೆಂಗಸಿನ ಮಾತನ್ನು ಕೇಳುವ ತಾಳ್ಮೆ ಇಲ್ಲ. ಅರ್ಜಿ ಬರೆದರೆ ಇಂಗ್ಲಿಷಿನಲ್ಲಿ, ನಾಲ್ಕು ಪುಟ. ಸಂಘವೆಂದರೆ ಸೈಟ್ ಮಾಲೀಕರ ಸಂಘ. ಗೋಡೆಯಾಚೆಯ ಕೊಳೆಗೇರಿಯ ಚರಂಡಿ ಅವರ ನಕ್ಷೆಯಲ್ಲಿ ಬರುವುದಿಲ್ಲ. ಒಂದು ವಿಷಯದಲ್ಲಿ ಪಂಡಿತರಾದವರು ಎಲ್ಲ ವಿಷಯದಲ್ಲೂ ತೀರ್ಪು ಕೊಡುವ ಚಾಳಿಯೂ ಉಂಟು.

ಈ ದೂರಿಗೂ ಉತ್ತರ ರಾವ್ ಅವರಂಥವರ ಎರಡನೆಯ ಬದುಕಿನಲ್ಲಿದೆ. 1994ರಲ್ಲಿ ಹುದ್ದೆ ಬಿಟ್ಟ ಮೇಲೂ ಎರಡು ದಶಕ ಅವರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ನೆಹರು ತಾರಾಲಯವನ್ನು ನಡೆಸುವ ವಿಜ್ಞಾನ ಶಿಕ್ಷಣ ಸಂಸ್ಥೆಗೆ, ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿಗೆ ಹೆಗಲು ಕೊಟ್ಟರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದನ್ನು ಕಡಿಮೆ ದರ್ಜೆಯ ಕೆಲಸವೆಂದು ಅವರು ಎಣಿಸಲಿಲ್ಲ. 2017ರ ಜುಲೈ 24ರಂದು ತೀರಿಕೊಂಡಾಗ ವಯಸ್ಸು 85. ಇಸ್ರೊದ ಇನ್ನೊಬ್ಬ ಅಧ್ಯಕ್ಷ ಸತೀಶ್ ಧವನ್ ನಿವೃತ್ತಿಯ ನಂತರ ಹಕ್ಕಿಗಳ ಹಾರಾಟದ ಬಗ್ಗೆ ಪುಸ್ತಕ ಬರೆದರು. ಅದೂ ಸಮಾಜಕ್ಕೆ ಕೊಟ್ಟದ್ದೇ.

ಬಾಹ್ಯಾಕಾಶ ಯೋಜನೆ ಮೊದಲಿನಿಂದಲೂ ಹಳ್ಳಿಯ ಕೆಲಸಕ್ಕೂ ಒದಗಿದೆ ಎಂಬುದನ್ನು ಮರೆಯಬಾರದು. 1975-76ರ ‘ಸೈಟ್’ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಟಿ.ವಿ. ಕಂಡ 2,400 ಹಳ್ಳಿಗಳಲ್ಲಿ ನಮ್ಮ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳವೂ ಇದ್ದವು. ಮುಂದೆ ಕೋಲಾರ, ಚಿತ್ರದುರ್ಗದಂಥ ಜಿಲ್ಲೆಗಳ ‘ಸುಜಲ’ ಜಲಾನಯನ ಯೋಜನೆಯಲ್ಲಿ ಒಡ್ಡು, ಕೆರೆಗಳ ಮೇಲೆ ಉಪಗ್ರಹ ಚಿತ್ರದ ಕಣ್ಣಿತ್ತು. ಆ ಚಿತ್ರಗಳನ್ನು ಓದಿದವರು ನಿವೃತ್ತರಾಗಿ ನಮ್ಮ ನಡುವೆಯೇ ಇದ್ದಾರೆ. ಒತ್ತುವರಿಯಾದ ಕೆರೆಯ ಹಳೆಯ ಅಂಚನ್ನು ಹಳೆಯ ಚಿತ್ರದಲ್ಲಿ ಗುರುತಿಸಿ ಸರ್ವೆಯವರ ಮುಂದಿಡುವುದು ಅವರಿಗೆ ಒಂದು ಮಧ್ಯಾಹ್ನದ ಕೆಲಸ.

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಅವು ಸೇರುವುದೇ ಅಪರೂಪ; ಸೇರಿದರೂ ದೂರು ಓದಿ ಮುಗಿಸುತ್ತವೆ. ಪ್ರತಿ ವಾರ್ಡಿನಲ್ಲಿ ಮೂರು ತಿಂಗಳಿಗೊಮ್ಮೆ ಒಂದೇ ಒಂದು ಕೆಟ್ಟ ಕಾಮಗಾರಿಯನ್ನು ಆರಿಸಿ, ಅದರ ಅಳತೆ ಪುಸ್ತಕ, ಬಿಲ್ಲು, ನಕ್ಷೆಗಳನ್ನು ಇಂಥ ಇಬ್ಬರು ನಿವೃತ್ತರ ಮುಂದಿಡಲಿ. ಅವರ ಜೊತೆ ಪೌರಕಾರ್ಮಿಕರೊಬ್ಬರು, ಆ ರಸ್ತೆಯ ಅಂಗಡಿಯವರೊಬ್ಬರು ಕೂರಲಿ. ವರದಿ ಕನ್ನಡದಲ್ಲಿ, ಎರಡು ಪುಟ ಮೀರದಂತೆ, ವಾರ್ಡ್ ಕಚೇರಿಯ ಗೋಡೆಗೆ ಅಂಟಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಆಯುಕ್ತರ ಒಂದು ಸುತ್ತೋಲೆ ಸಾಕು. ಈ ಮಳೆಗಾಲಕ್ಕೆ ಮುಂಚೆ ಅದು ಹೊರಡಲಿ.