ಟ್ರಿಪ್ ಆದ ಮೋಟರ್ ಸುಮ್ಮನೆ ನಿಂತಿರುವುದಿಲ್ಲ

ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯ್ತು. ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಪ್ಯಾನೆಲ್ ಬಾಗಿಲು ತೆರೆದು ಮುಚ್ಚುವುದರಲ್ಲೇ ಅರ್ಧ ಆಯುಷ್ಯ ಕಳೆಯಿತು. ಇದನ್ನು ಓದುವವರಲ್ಲೂ ಮೇಂಟೆನೆನ್ಸ್ ಮಂದಿ ಇದ್ದೀರಿ, ಅದಕ್ಕೇ ಈ ಮಾತು.

ಮೋಟರ್ ಬಿಸಿಯಾಗಿದೆ ಎಂದು ಡ್ರೈವ್ ನಿಂತರೆ ನಾವು ಮೊದಲು ಮಾಡುವ ಕೆಲಸ ರಿಸೆಟ್ ಒತ್ತುವುದು. ಮೂರನೇ ಸಲವೂ ನಿಂತರೆ 'ಸೆನ್ಸರ್ ಹೋಗಿದೆ' ಎಂದು ತೀರ್ಮಾನಿಸಿ ಥರ್ಮಿಸ್ಟರ್ ಟರ್ಮಿನಲ್‌ಗಳ ನಡುವೆ ಒಂದು ತುಂಡು ವೈರ್ ಹಾಕುವುದು. ಸುಳ್ಳೇಕೆ, ನಾನೂ ಹಾಕಿದ್ದೇನೆ.

ಅದೊಂದು ರಾತ್ರಿ ಪಾಳಿ. ಕನ್ವೇಯರನ್ನು 15 ಹರ್ಟ್ಸ್‌ನಲ್ಲಿ ನಿಧಾನಕ್ಕೆ ಓಡಿಸುತ್ತಿದ್ದರು. ಕರೆಂಟ್ ಸರಿಯಾಗಿಯೇ ಇತ್ತು, ಆದರೂ ಟ್ರಿಪ್. ಟಾರ್ಚ್ ಹಿಡಿದು ನಿಂತಿದ್ದ ವಿಜಾಪುರದ ಹೆಲ್ಪರ್ ಹುಡುಗ, "ಅಣ್ಣಾ, ಮೋಟರ್ ಭಾಳ ಕಾದೈತ್ರಿ" ಅಂದ. ಹಿಂದಿನಿಂದ ಸೂಪರ್‌ವೈಸರ್, "ಲವಕರ್ ಚಾಲೂ ಕರ!" ನಾನು ಕೇಳಿದ್ದು ಸೂಪರ್‌ವೈಸರ್ ಮಾತನ್ನು. ಬೆಳಗಿನ ಜಾವಕ್ಕೆ ವೈಂಡಿಂಗ್ ಸುಟ್ಟು ಕರಕಲು.

ಕರೆಂಟ್ ಸರಿಯಿದ್ದೂ ಸುಟ್ಟದ್ದೇಕೆ? ಮೋಟರಿನ ಫ್ಯಾನ್ ಅದರ ಶಾಫ್ಟ್‌ಗೇ ಕೂತಿರುತ್ತದೆ. ವೇಗ ತಗ್ಗಿದರೆ ಗಾಳಿಯೂ ತಗ್ಗುತ್ತದೆ. ಡ್ರೈವ್ ತಾನಾಗಿ ಬಿಸಿಯನ್ನು ಲೆಕ್ಕ ಹಾಕುವುದು ಕರೆಂಟ್ ನೋಡಿ. ಫ್ಯಾನ್ ಜಾಲರಿಗೆ ಧೂಳು ಮೆತ್ತಿದ್ದು ಅದಕ್ಕೆ ಕಾಣುವುದಿಲ್ಲ. ನಿಜ ಗೊತ್ತಿದ್ದದ್ದು ವೈಂಡಿಂಗಿನೊಳಗೆ ಕೂತ ಥರ್ಮಿಸ್ಟರ್‌ಗೆ ಮಾತ್ರ. ನಾನು ಅದರ ಬಾಯನ್ನೇ ಕಟ್ಟಿಬಿಟ್ಟಿದ್ದೆ!

ಸುಟ್ಟ ಮೇಲೆ ಡ್ರೈವ್ ಟ್ರಿಪ್ ಆಯಿತು, ಆದರೆ ಹೂಟರ್ ಕೂಗಲಿಲ್ಲ. ಫಾಲ್ಟ್ ಬಂದಾಗ ಮಾತ್ರ ರಿಲೇ ಎಳೆಯುವಂತೆ ಯಾರೋ ಜೋಡಿಸಿದ್ದರು, ವೈರ್ ಯಾವಾಗಲೋ ಕಳಚಿತ್ತು. ಎಲ್ಲ ಸರಿ ಇರುವಾಗ ರಿಲೇ ಎಳೆದಿರಬೇಕು, ಫಾಲ್ಟ್ ಆದರೆ ಬಿಡಬೇಕು. ಆಗ ವೈರ್ ತುಂಡಾದರೂ, ಡ್ರೈವ್‌ಗೆ ಸಪ್ಲೈ ಹೋದರೂ ಗೊತ್ತಾಗುತ್ತದೆ. ಹೂಟರ್‌ಗೆ ಮಾತ್ರ ಬೇರೆ ಸಪ್ಲೈ ಇರಬೇಕು, ಅಷ್ಟೆ.

ಟ್ರಿಪ್ ಆದರೆ ಮೊದಲು ಮೋಟರ್ ಎಷ್ಟು ಕಾದಿದೆ, ಜಾಲರಿ ಸ್ವಚ್ಛವಿದೆಯೇ, ಎಷ್ಟು ವೇಗದಲ್ಲಿ ಎಷ್ಟು ಹೊತ್ತು ಓಡಿದೆ ಎಂದು ನೋಡಿ. ಸೆನ್ಸರ್ ಮೇಲೆ ಅನುಮಾನ ಆಮೇಲೆ. ಸಪ್ಲೈ ತೆಗೆದು, ಡ್ರೈವಿನ ಕೆಪಾಸಿಟರ್ ಖಾಲಿಯಾಗುವವರೆಗೆ ಕಾದು, ಥರ್ಮಿಸ್ಟರ್ ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಮೆಗ್ಗರ್ ಮಾತ್ರ ಬೇಡ, ಥರ್ಮಿಸ್ಟರೇ ಹೋದೀತು. ಮೂರು ಪಿಟಿಸಿ ಸರಣಿಯಲ್ಲಿದ್ದರೆ ತಣ್ಣಗಿರುವಾಗ ಸಾಮಾನ್ಯವಾಗಿ ಕೆಲವು ನೂರು ಓಮ್. ಕಾದಾಗ ಕಿಲೋ ಓಮ್‌ಗಳಿಗೆ ಜಿಗಿದರೆ ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಪ್ರೊಡಕ್ಷನ್ ನಿಲ್ಲುತ್ತದಲ್ಲ ಅಂತೀರಾ? ಇದಕ್ಕೆಲ್ಲ ಅರ್ಧ ಗಂಟೆ ಸಾಕು, ರಿವೈಂಡಿಂಗ್‌ಗೆ ದಿನಗಳೇ ಬೇಕು. ಸುಡದಿದ್ದರೂ ನಷ್ಟವೇ. ಹತ್ತು ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡಿದರೆ ಇನ್ಸುಲೇಶನ್ ಆಯುಷ್ಯ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಬೈಪಾಸ್ ಮಾಡು ಅನ್ನುವವರು ಹಾಳೆಯ ಮೇಲೆ ಬರೆದು ಸಹಿ ಹಾಕಲಿ. ಬಾಯಿಮಾತಿನ ಆರ್ಡರ್‌ಗೆ ಕೊನೆಗೆ ತಲೆ ಕೊಡುವವನು ಎಲ್ಲರಿಗಿಂತ ಕೆಳಗಿನವನು.

ಅವತ್ತು ಹಾಗೇ ಆಯಿತು. ಬೈಗುಳ ಬಿದ್ದದ್ದು ಆ ಹುಡುಗನಿಗೆ, ಒಂದು ದಿನದ ಪಗಾರವೂ ಹೋಯಿತು. ನಾನು ಬಾಯಿ ಬಿಡಲಿಲ್ಲ. ಗೇಟಿನ ಹೊರಗೆ ಅವನೇ, "ಇರ್ಲಿ ಬಿಡ್ರಿ ಅಣ್ಣಾ" ಅಂದ. ಮೋಟರನ್ನು ವಾರದೊಳಗೆ ರಿವೈಂಡ್ ಮಾಡಿಸಿದೆವು. ಆ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ.