ಮುಕ್ತ ವ್ಯವಸ್ಥೆಯೂ ಸಾಮಾನ್ಯ ಬಳಕೆದಾರರೂ

ಲಿನಕ್ಸ್ ಮೊದಲಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು ಪರಿಣತರಿಗೆ ಮಾತ್ರ ತಕ್ಕವು, ಪತ್ರ ಬರೆದು, ವಾರ್ತೆ ಓದಿ, ಮೊಮ್ಮಕ್ಕಳ ಭಾವಚಿತ್ರ ನೋಡುವಷ್ಟಕ್ಕೆ ಗಣಕಯಂತ್ರವನ್ನು ಇಟ್ಟುಕೊಂಡವರಿಗೆ ಅವು ಒಗ್ಗವು ಎಂಬ ಪೂರ್ವಪಕ್ಷವು ಬಹುಕಾಲದಿಂದ ಪ್ರಚಾರದಲ್ಲಿರುವುದು. ಹೀಗೆನ್ನುವವರಲ್ಲಿ ಹಲವರು ಲಿನಕ್ಸನ್ನು ತಾವು ಮುಟ್ಟಿಯೇ ಇಲ್ಲವೆಂದು ನಂಬಿದವರು. ಅವರ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳತಿರುಳೇ ಲಿನಕ್ಸ್ ಎಂಬುದನ್ನು ಅವರಿಗೆ ಯಾರೂ ತಿಳಿಸಿದಂತಿಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ಮುಂದೆ ಈ ವ್ಯವಸ್ಥೆಯನ್ನೇ ಸರ್ಕಾರಿ ಶಾಲೆಗಳಿಗೆ ಒಯ್ದಿತು. ಅಲ್ಲಿನ ಹಳ್ಳಿಯ ಮಕ್ಕಳು ಕಲಿತುದನ್ನು ಇಲ್ಲಿನ ಪದವೀಧರರು ಕಲಿಯಲಾರರೆಂದರೆ ಒಪ್ಪುವವರಾರು?

ಈಗ ಈ ಚರ್ಚೆಗೆ ಅವಸರವೂ ಒದಗಿದೆ. 2025ನೆಯ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ನಿಂತಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ತನ್ನ ಪಟ್ಟಿಗೆ ಸೇರಿದ ಹೊಸ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. ಚೆನ್ನಾಗಿ ನಡೆಯುತ್ತಿರುವ ಅದೆಷ್ಟೋ ಯಂತ್ರಗಳು ಇದರಿಂದ ನಿರುಪಯುಕ್ತವೆನಿಸಿವೆ. ನೊಗದ ಅಳತೆ ಬದಲಾಯಿತೆಂದು ಉಳುವ ಎತ್ತನ್ನೇ ಕೊಟ್ಟಿಗೆಯಿಂದ ಹೊರಗಟ್ಟಿದಂತಾಯಿತು.

ಆದರೆ ಜನರು ಹಿಂಜರಿಯುವುದಕ್ಕೆ ಮುಖ್ಯ ಕಾರಣರು ವಿರೋಧಿಗಳಲ್ಲ, ಪ್ರಚಾರಕರೇ! ಈ ಉತ್ಸಾಹಿಗಳು ಬಡಪಾಯಿ ಗೃಹಸ್ಥನೆದುರು ಕುಳಿತೊಡನೆ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದುದನ್ನೂ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಕರ್ನೆಲನ್ನು ಪ್ರಕಟಿಸಿದುದನ್ನೂ ಪುರಾಣದಂತೆ ಹೇಳತೊಡಗುವರು. ಬಳಿಕ ಡೆಬಿಯನ್ ಮೇಲೋ ಫೆಡೋರಾ ಮೇಲೋ ಎಂದು ತಮ್ಮತಮ್ಮೊಳಗೇ ದ್ವೈತಾದ್ವೈತಗಳಂತೆ ವಾದಿಸುವರು. ಕಡೆಗೆ ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು ಆಜ್ಞೆಗಳನ್ನು ಬರೆಯುವರು. ಪಾಠಶಾಲೆಗೆ ಸೇರಿದ ಬಾಲಕನಿಗೆ ಮೊದಲು ರಾಮಶಬ್ದ, ಆಮೇಲೆ ಅಮರಕೋಶ. ಮೊದಲ ದಿನವೇ ಮಹಾಭಾಷ್ಯವನ್ನು ಬಿಚ್ಚಿದ ಪಂಡಿತನುಂಟೆ? ಇನ್ನು ಪ್ರಿಂಟರು ಕೆಲಸಮಾಡದೆ ಕಂಗೆಟ್ಟವನು ಮರಳಿ ಬಂದರೆ, ಕೈಪಿಡಿಯನ್ನು ಓದಿಕೊಳ್ಳೆಂಬ ಉತ್ತರವೇ ಪ್ರಸಾದ.

ಹೊಸಬನು ದಿನವೂ ಯಂತ್ರದಲ್ಲಿ ಏನು ಮಾಡುವನೆಂದು ಮೊದಲು ಕೇಳತಕ್ಕುದು. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳು ವಿಂಡೋಸಿನಲ್ಲಿಯೂ ನಡೆಯತಕ್ಕವಾದುದರಿಂದ ಒಂದೆರಡು ತಿಂಗಳು ಅಲ್ಲಿಯೇ ಅವುಗಳ ರೂಢಿಯಾಗಲಿ. ಅನಂತರ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರವನ್ನು ಆರಂಭಿಸಬಹುದು. ಪೆನ್‌ಡ್ರೈವಿನಿಂದ ನಡೆಯುವಾಗ ವೇಗ ಕಡಿಮೆ. ಇದನ್ನು ಮುಂಚೆಯೇ ಹೇಳದಿದ್ದರೆ ವ್ಯವಸ್ಥೆಯೇ ಮಂದವೆಂಬ ಅಪವಾದ ಬಂದೀತು. ಧ್ವನಿ, ವೈಫೈ, ಪ್ರಿಂಟರುಗಳು ಅಲ್ಲಿ ಸರಿಯಾಗಿದ್ದರೆ, ಕಡತಗಳೆಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲುಮಾಡಿಕೊಂಡ ಮೇಲೆ ಸ್ಥಾಪನೆ. ಕನ್ನಡ ಬರೆವಣಿಗೆಯನ್ನಂತೂ ಮೊದಲ ದಿನವೇ ತೋರಿಸಬೇಕು. ನುಡಿಯಲ್ಲಿ ಬೆರಳು ಪಳಗಿದವರಿಗೆ ಪರಿಚಿತವಾದ ಕ.ಗ.ಪ. ಕೀಲಿಮಣೆಯ ವಿನ್ಯಾಸವು ಇಲ್ಲಿಯೂ ಉಂಟು.

ಪ್ರಚಾರಕರ ಇನ್ನೊಂದು ದೋಷವು ‘ಬಿಟ್ಟಿ’ ಎಂಬ ಮಾತು. ಇಂಗ್ಲಿಷಿನ ಒಂದೇ ಶಬ್ದವು ಹಣವಿಲ್ಲದೆ ದೊರೆವುದನ್ನೂ ಬಂಧನವಿಲ್ಲದಿರುವುದನ್ನೂ ಹೇಳುವುದರಿಂದ ಅಲ್ಲಿ ಗೊಂದಲವು ಸಹಜ. ಉಚಿತ, ಮುಕ್ತ ಎಂದು ಎರಡು ಶಬ್ದಗಳಿರುವ ಕನ್ನಡದಲ್ಲಿ ಆ ಗೊಂದಲವನ್ನು ಆಮದುಮಾಡಿಕೊಳ್ಳುವುದೇಕೆ? ಬಿಟ್ಟಿಯೆಂದೊಡನೆ ಗೃಹಸ್ಥನು ಏನೋ ಮೋಸವಿದೆಯೆಂದು ಶಂಕಿಸುತ್ತಾನೆ. ಶಂಕೆಯು ಅನುಚಿತವೂ ಅಲ್ಲ. ಇದರ ಮೂಲ ಬರೆಹವನ್ನು ಬಲ್ಲವರು ಪರೀಕ್ಷಿಸಬಹುದು, ತಿದ್ದಬಹುದು. ಪ್ರತಿಮಾಡಿ ನೆರೆಮನೆಯವನಿಗೆ ಕೊಟ್ಟರೆ ಅದು ಕಳ್ಳತನವಲ್ಲ. ಪರವಾನಗಿಯಿಲ್ಲದ ಪ್ರತಿಯನ್ನು ಅಂಗಡಿಯವನಿಂದ ಹಾಕಿಸಿಕೊಂಡು ಸುಮ್ಮನಿರುವ ಮರ್ಯಾದಸ್ಥರಿಗೆ ಈ ಕಡೆಯ ಮಾತು ನಾಟದಿರದು.

ತೊಡಕುಗಳನ್ನು ಮರೆಮಾಚುವುದೂ ಸಲ್ಲದು. ಕೆಲವು ಕಚೇರಿಗಳ ತಂತ್ರಾಂಶಗಳು ವಿಂಡೋಸನ್ನೇ ಬೇಡುತ್ತವೆ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬರೆದ ಕನ್ನಡ ಕಡತಗಳು, ಆ ಫಾಂಟು ಇಲ್ಲದೆಡೆಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಆ ಕೆಲಸ ಮುಗಿವವರೆಗೆ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನೂ ಇರಿಸಲು ಅವಕಾಶವುಂಟು. ಬೆಂಬಲ ನಿಂತ ಹಳೆಯದನ್ನು ಅಂತರ್ಜಾಲಕ್ಕೆ ಸೇರಿಸದೆ ಕಡತಗಳಿಗಾಗಿ ಮಾತ್ರ ತೆರೆದರೆ ಸಾಕು.